ಎದುರಿನ ಅಂಚು

೪ ಜನವರಿ

ಅಮ್ಮಾ,

ಫೋನಿನಲ್ಲಿ ನಾನು ಕೂಗುವುದು, ನೀನು "ಏನು? ಏನು?" ಎನ್ನುವುದು, ಕೊನೆಗೆ ಚಿಕ್ಕಮ್ಮ ಬಂದು "ಎಲ್ಲಾ ಚೆನ್ನಾಗಿದ್ದಾರಂತೆ, ಇಡು" ಎಂದು ನನ್ನ ಪರವಾಗಿ ಮಾತು ಮುಗಿಸುವುದು, ಇದೆಲ್ಲ ಸಾಕಾಗಿ ಕಾಗದ ಬರೆಯುತ್ತಿದ್ದೇನೆ. ನಾಣ್ಯ ಅಚ್ಚು ಹಾಕುವ ಯಂತ್ರಗಳ ಸದ್ದು ನಿನ್ನ ಕಿವಿ ತಿಂದಿದೆ, ಕಣ್ಣನ್ನಲ್ಲ.

ಶಾಲೆಯ ಪಾಠ ಬಿಟ್ಟು ನಾಣ್ಯ ಸಂಗ್ರಾಹಕರ ಸಂಘದಲ್ಲಿ ಪರೀಕ್ಷಕಿಯಾಗಿ ಸೇರಿ ಮೂರು ತಿಂಗಳಾಯಿತು. ಇನ್ನು ಮೂರು ತಿಂಗಳು ಸರಿಯಾಗಿ ನಡೆದರೆ ಕೆಲಸ ಕಾಯಂ. ಚಪ್ಪಲಿ ಅಂಗಡಿಯ ಮೇಲೆ ಎರಡು ಕೋಣೆ, ಕಿಟಕಿಯ ಪಕ್ಕ ನನ್ನ ಮೇಜು, ಒಂದು ದೀಪ, ಒಂದು ಭೂತಗನ್ನಡಿ, ಒಂದು ಸಣ್ಣ ತಕ್ಕಡಿ. ಟಂಕಸಾಲೆಯಲ್ಲೇ ತಪ್ಪಾಗಿ ತಯಾರಾದ ನಾಣ್ಯವೆಂದರೆ ಸಂಗ್ರಾಹಕರು ಮುಗಿಬೀಳುತ್ತಾರೆ ಎಂದು ಕೇಳಿದ ಜನ ಜೇಬಿನಲ್ಲಿದ್ದದ್ದನ್ನೆಲ್ಲ ತರುತ್ತಾರೆ. ಹೆಚ್ಚಿನವು ಕಲೆ, ತುಕ್ಕು, ಪೆಟ್ಟು. ಒಬ್ಬರು ಹಸಿರು ಮಚ್ಚೆಯನ್ನು ಬೇರೆ ಲೋಹವೆಂದು ವಾದಿಸಿದರು. ಅದು ಒದ್ದೆ ಪರ್ಸಿನ ಕೆಲಸ. ಇನ್ನೊಬ್ಬರ ನಾಣ್ಯದಲ್ಲಿ ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದವು. ಎರಡು ನಾಣ್ಯಗಳನ್ನು ಸೇರಿಸಿ ಸುತ್ತಿಗೆಯಿಂದ ಹೊಡೆದರೆ ಹಾಗಾಗುತ್ತದೆ. "ಇದು ಆಮೇಲೆ ಆದ ಹಾನಿ, ಹುಟ್ಟಿನ ತಪ್ಪಲ್ಲ" ಎಂದು ಹೇಳುವುದೇ ನನ್ನ ಕೆಲಸ. ಹೇಳಲು ಇಷ್ಟವೂ ಆಗುತ್ತದೆ. ಸ್ವಲ್ಪ ಹೆಚ್ಚೇ ಇಷ್ಟವಾಗುತ್ತಿದೆಯೇನೋ ಎಂಬ ಅನುಮಾನ ಈಚೆಗೆ.

ಕಳೆದ ತಿಂಗಳು ಕೈಗಡಿಯಾರ ರಿಪೇರಿಯವರೊಬ್ಬರು ಒಂದು ನಾಣ್ಯ ಕೊಟ್ಟರು. ಇಪ್ಪತ್ತು ವರ್ಷದಿಂದ ಸಂಘದ ಸದಸ್ಯರು. ಬಡಕಲು ಮೈ, ಒಂದೆಡೆ ನಿಲ್ಲದ ಕಾಲು. ಎಲ್ಲರೂ ಅವರನ್ನು ಸೆಕೆಂಡ್ ಮುಳ್ಳು ಎನ್ನುತ್ತಾರೆ. ನಾಣ್ಯದ ಒಂದು ಬದಿ ಯಾರೋ ಕಚ್ಚಿಕೊಂಡು ಹೋದಂತೆ ಬಾಗಿದ ಗೆರೆಯಲ್ಲಿ ಇಲ್ಲವಾಗಿದೆ. ಭೂತಗನ್ನಡಿ ಹಿಡಿದರೆ ಆ ಕಚ್ಚಿನ ಎರಡು ತುದಿಗಳಲ್ಲೂ ಲೋಹ ಉಜ್ಜುವ ಅರದ ಗೀರು. ತೂಕವೂ ಕಡಿಮೆ. "ಉಪಕರಣದಿಂದ ಬೇಕೆಂದೇ ಕತ್ತರಿಸಿದ್ದು" ಎಂದು ವರದಿ ಬರೆದೆ. "ಬೇಕೆಂದೇ" ಎನ್ನುವ ಪದದ ಅಗತ್ಯ ಇರಲಿಲ್ಲ. ಬರೆಯುವಾಗ ಅದು ಮಾತಿಗೆ ತೂಕ ಕೊಟ್ಟಂತೆ ಅನ್ನಿಸಿತ್ತು.

ಕಾರ್ಯದರ್ಶಿಗಳು ಆ ಪದವನ್ನೇ ಹಿಡಿದುಕೊಂಡರು. ಸದಸ್ಯತ್ವ ರದ್ದಾಯಿತು, ನನ್ನ ವರದಿ ಸೂಚನಾ ಫಲಕಕ್ಕೇರಿತು. ಈಗ ಅವರ ಅಂಗಡಿಯ ಮುಂದೆ ಹೋಗುವವರು, "ಅಲ್ಲಿ ಗಡಿಯಾರ ಕೊಡಬೇಡ, ಒಳಗಿನ ಚಕ್ರ ಕತ್ತರಿಸಿಕೊಂಡಾನು" ಎಂದು ನಗುತ್ತಾರಂತೆ.

ನಿನ್ನೆ ಅವರೇ ಬಂದರು. ಜಗಳಕ್ಕೆ ಎಂದುಕೊಂಡೆ. ಕೂರಲಿಲ್ಲ.

"ಒಂದೇ ಪ್ರಶ್ನೆ ಕಣಮ್ಮಾ. ಅರ ಹಾಕಿದ್ದು ನಾನೇ, ಇಲ್ಲ ಅನ್ನಲ್ಲ. ಕಚ್ಚಿದ್ದೂ ನಾನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

ವರದಿಯ ಪ್ರತಿ ಹುಡುಕಲು ಡ್ರಾಯರ್ ಎಳೆದೆ. "ಯೋಚನೆ ಮಾಡಿ ಹೇಳಿ. ನನಗೇನು, ಟೈಮಿಗೆ ಬರವಿಲ್ಲ" ಎಂದು ಹೊರಟೇಹೋದರು.

ನೀನು ಟಂಕಸಾಲೆಯಲ್ಲಿ ಮೂವತ್ತೊಂದು ವರ್ಷ ನಾಣ್ಯ ಆಯುತ್ತಿದ್ದೆಯಲ್ಲ. ಇಂಥದ್ದು ನಿನ್ನ ಕೈಗೆ ಬಂದಿತ್ತಾ?

ನಿನ್ನ ಮಗಳು

*

೧೧ ಜನವರಿ

ಪುಟ್ಟೀ,

ನಾನು ಚೆನ್ನಾಗಿದ್ದೇನೆ. ನಿನ್ನ ಚಿಕ್ಕಮ್ಮನೂ ಜಗಳ ಆಡುವಷ್ಟು ಚೆನ್ನಾಗಿದ್ದಾಳೆ. ನನ್ನ ಹೆಸರಿಗೆ ಬಂದ ಕಾಗದವನ್ನು ಅವಳು ಒಡೆದಳು, ಅದಕ್ಕೇ ಬೆಳಗ್ಗೆಯಿಂದ ಮಾತಿಲ್ಲ. ಮಾತಾಡಿದರೂ ನನಗೆ ಕೇಳುವುದಿಲ್ಲ, ಆದರೆ ಅವಳಿಗೆ ಶಿಕ್ಷೆ ಆಗುತ್ತದೆ.

ಟಂಕಸಾಲೆ ಅಂತ ಬರೆದಿದ್ದೀಯ. ಅಷ್ಟುದ್ದ ಹೆಸರು ಹೇಳುತ್ತಾ ನಿಂತಿದ್ದರೆ ನಮಗೆ ಗೇಟು ಮುಚ್ಚಿಬಿಡುತ್ತಿತ್ತು. ನಾವೆಲ್ಲ ಮಿಂಟ್ ಅಂತಲೇ ಅನ್ನುತ್ತಿದ್ದೆವು.

ನನ್ನ ಕೆಲಸದ ಬಗ್ಗೆ ನೀನು ಏನಾದರೂ ಕೇಳಿದ್ದು ಇದೇ ಮೊದಲು. ಎಣಿಸಿಕೊಂಡು ಕೂತಿದ್ದೆ ಅಂದುಕೊಳ್ಳಬೇಡ. ಎಣಿಸದಿದ್ದರೂ ಗೊತ್ತಾಗುತ್ತದೆ.

ತೂಕ ಕಡಿಮೆ ಅಂತ ಬೇರೆ ಸಾಕ್ಷಿ ಕೊಟ್ಟಿದ್ದೀಯ. ಇಲಿ ಕಡಿದರೂ ಕತ್ತರಿ ಆಡಿಸಿದರೂ ಬಟ್ಟೆ ಗಿಡ್ಡವೇ ಅಲ್ಲವೇನೇ?

ಈಗ ನನ್ನ ಪ್ರಶ್ನೆ. ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿದೆಯಾ, ಡಬ್ಬಿಯಲ್ಲಿ ಇದ್ದ ಹಾಗೇ ನೋಡಿದೆಯಾ? ಹೆಬ್ಬೆರಳನ್ನು ಅಂಚಿನ ಮೇಲೆ ಪೂರ್ತಿ ಒಂದು ಸುತ್ತು ಓಡಿಸಿದೆಯಾ? ಎಲ್ಲಾದರೂ ಬೆರಳು ಜಾರಿತಾ? ಕಣ್ಣು ಮುಚ್ಚಿಕೊಂಡು ಮಾಡು. ಕಣ್ಣು ಬಿಟ್ಟರೆ ಅದು ಕಚ್ಚಿದ ಜಾಗಕ್ಕೇ ಓಡುತ್ತದೆ, ಹಲ್ಲು ಬಿದ್ದವರ ಜೊತೆ ಮಾತಾಡುವಾಗ ಬಾಯಿಗೇ ಓಡುವ ಹಾಗೆ. ನಮ್ಮ ಮೇಜಿನಲ್ಲಿ ತಪ್ಪು ಇರುವ ಕಡೆ ಯಾರೂ ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಉತ್ತರ ಬರೆ, ಆಮೇಲೆ ಹೇಳುತ್ತೇನೆ. ಈಗಲೇ ಹೇಳಿದರೆ ನಿನ್ನ ಬೆರಳು ನಾನು ಹೇಳಿದ್ದನ್ನೇ ಹೇಳುತ್ತದೆ.

ಅಮ್ಮ

*

೧೯ ಜನವರಿ

ಅಮ್ಮಾ,

ಡಬ್ಬಿಯಲ್ಲಿಟ್ಟೇ ನೋಡಿದ್ದೆ.

ಸದಸ್ಯರ ನಾಣ್ಯಗಳು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತವೆ. ಒಳಗೆ ಕಪ್ಪು ಉಂಗುರವೊಂದು ನಾಣ್ಯವನ್ನು ಅಲುಗದಂತೆ ಹಿಡಿದಿರುತ್ತದೆ. ಕೈ ತಾಗಿದರೆ ಕಲೆಯಾಗುತ್ತದೆ, ತೆಗೆಯಬಾರದು ಎಂಬುದು ನಿಯಮ. ಆ ಉಂಗುರ ಮುಚ್ಚುವುದು ಅಂಚನ್ನೇ. ತೂಕಕ್ಕಾಗಿ ಒಮ್ಮೆ ತೆಗೆದಾಗಲೂ ಇಕ್ಕಳದಲ್ಲಿ ಎತ್ತಿ ತಕ್ಕಡಿಗೆ ಹಾಕಿದೆ, ಮತ್ತೆ ಮುಚ್ಚಿದೆ. ನಾಣ್ಯವನ್ನು ಅಂಚಿನಲ್ಲಿ ಹಿಡಿದರೆ ಏನೂ ಆಗುವುದಿಲ್ಲವೆಂದು ಅದೇ ನಿಯಮಾವಳಿಯ ಮುಂದಿನ ಸಾಲಿನಲ್ಲಿದೆ. ಮೊದಲ ಸಾಲು ನನಗೆ ಅನುಕೂಲವಾಗಿತ್ತು.

ನಿನ್ನ ಕಾಗದ ಬಂದ ದಿನವೇ ಅವರ ಅಂಗಡಿಗೆ ಹೋದೆ. ಅಂಗಡಿಯೆಂದರೆ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಮೂಲೆ. ಗೋಡೆಯ ತುಂಬ ಗಡಿಯಾರಗಳು, ಒಂದೊಂದರದೂ ಒಂದೊಂದು ಹೊತ್ತು. ಕಣ್ಣಿಗೆ ಕಪ್ಪು ಮಸೂರ ಸಿಕ್ಕಿಸಿಕೊಂಡು ಅವರು ಕೈಗಡಿಯಾರವೊಂದರ ಹಿಂದಿನ ಮುಚ್ಚಳ ತೆಗೆಯುತ್ತಿದ್ದರು. ಯಾವುದರಿಂದ ಗೊತ್ತಾ? ಅದೇ ನಾಣ್ಯದಿಂದ. ಕಚ್ಚಿನ ತುದಿಯನ್ನು ಮುಚ್ಚಳದ ಸಂದಿಗೆ ಕೊಟ್ಟು ಮಣಿಕಟ್ಟು ತಿರುಗಿಸಿದರು, ಟಕ್ ಎಂದು ಬಂತು.

"ಇದೇ ನನ್ನ ಮೊದಲನೇ ಹತಾರ" ಎಂದರು. "ಅಂಗಡಿ ತೆಗೆದ ವಾರ ಯಾರೋ ಚಿಲ್ಲರೆಯಲ್ಲಿ ಸೇರಿಸಿ ಕೊಟ್ಟುಬಿಟ್ರು. ಹೊಸ ನಾಣ್ಯ, ಆದ್ರೆ ಕಚ್ಚಿದ್ದು. ಯಾರೂ ತಗೊಳ್ಳಲಿಲ್ಲ. ನೋಡಿದ್ರೆ ಈ ಮೂತಿ ಮುಚ್ಚಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ತೀರಾ ಚೂಪಿತ್ತು, ಗಡಿಯಾರಕ್ಕೆ ಗೀರು ಬೀಳ್ತಿತ್ತು. ಅದಕ್ಕೆ ಎರಡು ಮೂತಿಗೂ ಸ್ವಲ್ಪ ಅರ ಹಾಕಿದೆ."

"ಇದನ್ನ ಆಗಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲವಲ್ಲ. ಬರೆದುಬಿಟ್ರಿ."

ಸಂಘಕ್ಕೆ ಅದನ್ನು ತಂದದ್ದು ಮಾರಲಿಕ್ಕಲ್ಲವಂತೆ. ಇಷ್ಟು ವರ್ಷ ಅನ್ನ ಕೊಟ್ಟ ವಸ್ತು ಹೀಗೇಕೆ ಹುಟ್ಟಿತು ಎಂದು ತಿಳಿಯುವ ಆಸೆ, ಅಷ್ಟೇ. ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು. ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದೆ. ಒಂದು ಸುತ್ತು, ಎರಡು ಸುತ್ತು, ಮೂರು.

"ನಿದ್ದೆ ಬಂತಾ?" ಎಂದರು.

ಜಾರುತ್ತದೆ ಅಮ್ಮ. ಕಚ್ಚಿನ ನೇರ ಎದುರಿಗೆ ಒಂದು ಉಗುರಿನಷ್ಟು ಉದ್ದ ಅಂಚು ಎದ್ದೇ ಇಲ್ಲ. ಮೂರು ಸಲವೂ ಅದೇ ಜಾಗ. ಆದರೆ ಮೂವತ್ತೆಂಟು ವರ್ಷ ಅವರ ಬೆರಳು ಅಲ್ಲೇ ಒತ್ತಿ ಸವೆದಿರಲೂಬಹುದಲ್ಲ? ಒಮ್ಮೆ ಆತುರಪಟ್ಟವಳು ಇನ್ನೊಮ್ಮೆ ಪಡಲಾರೆ.

ನಾಣ್ಯದ ಮೇಲಿನ ಇಸವಿ ನಾನು ಶಾಲೆಗೆ ಸೇರಿದ ಇಸವಿ.

ನಿನ್ನ ಮಗಳು

*

೨೭ ಜನವರಿ

ಪುಟ್ಟೀ,

ಮೂರು ಸಲ ಓಡಿಸಿದೆಯಲ್ಲ, ಅದು ಸರಿ. ಹೊಸದಾಗಿ ಬಂದವರು ಒಂದೇ ಸಲ ಓಡಿಸಿ ತಲೆಯಾಡಿಸುತ್ತಿದ್ದರು.

ಈಗ ಕೇಳು. ಮಿಂಟ್‌ನಲ್ಲಿ ಮೊದಲು ಉದ್ದನೆ ತಗಡು ಬರುತ್ತದೆ. ಲೋಟದ ಬಾಯಿಂದ ಹಿಟ್ಟಿನ ಹಾಳೆ ಕತ್ತರಿಸಿದ ಹಾಗೆ ಯಂತ್ರ ಅದರಿಂದ ಬಿಲ್ಲೆಗಳನ್ನು ಕತ್ತರಿಸುತ್ತದೆ. ತಗಡು ಮುಂದೆ ಸರಿಯುವುದು ಸ್ವಲ್ಪ ತಡವಾಯಿತೋ, ಯಂತ್ರದ ಬಾಯಿ ಆಗಲೇ ಇದ್ದ ತೂತಿನ ಮೇಲೇ ಅರ್ಧ ಬೀಳುತ್ತದೆ. ಕಚ್ಚಿದ ಬಿಲ್ಲೆ ಹುಟ್ಟುವುದು ಹಾಗೆ.

ಆಮೇಲೆ ಬಿಲ್ಲೆ ಇನ್ನೊಂದು ಯಂತ್ರಕ್ಕೆ ಹೋಗುತ್ತದೆ. ಅದು ಎರಡೂ ಕಡೆಯಿಂದ ಒತ್ತಿ ಉರುಳಿಸಿ ಅಂಚು ಎಬ್ಬಿಸುತ್ತದೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದಾರೆ ಅಂದುಕೋ. ಒಬ್ಬ ಜಾಗ ಬಿಟ್ಟರೆ ಇನ್ನೊಬ್ಬ ನೆಟ್ಟಗೆ ನಿಲ್ಲುವುದು ಹೇಗೆ? ಕಚ್ಚಿದ ಜಾಗದಲ್ಲಿ ಒತ್ತಲು ಲೋಹವಿಲ್ಲ, ಅದಕ್ಕೇ ಅದರ ಎದುರಿನ ಅಂಚೂ ಏಳುವುದಿಲ್ಲ. ಚಿತ್ರ, ಅಕ್ಷರ ಅಚ್ಚಾಗುವುದು ಇದೆಲ್ಲ ಆದ ಮೇಲೆ. ಅಂಗಡಿಯಲ್ಲಿ ಕೂತು ಎಷ್ಟೇ ಜಾಣ ಕತ್ತರಿಸಲಿ, ಎದುರಿನ ಅಂಚನ್ನು ಹೀಗೆ ಮಾಡಲು ಅವನಿಗೆ ಹೊಳೆಯುವುದಿಲ್ಲ.

ಸವೆದಿರಬಹುದು ಅಂದೆಯಲ್ಲ. ಸವೆದಿದ್ದರೆ ಪಕ್ಕದ ಅಕ್ಷರಗಳ ತಲೆಯೂ ಸವೆದಿರಬೇಕು, ನೋಡು. ಕಚ್ಚಿನ ಹತ್ತಿರದ ಅಕ್ಷರಗಳನ್ನೂ ನೋಡು. ಆಮೇಲೆ ಕತ್ತರಿಸಿದ್ದಾದರೆ ಬ್ಲೇಡಿನಲ್ಲಿ ಕೊಯ್ದ ಹಾಗೆ ತಟ್ಟನೆ ನಿಲ್ಲುತ್ತವೆ. ಹುಟ್ಟಿನದಾದರೆ ಲೋಹ ಖಾಲಿ ಜಾಗಕ್ಕೆ ಹರಿದಿರುತ್ತದೆ, ಅಕ್ಷರ ಆ ಕಡೆಗೆ ಎಳೆದ ಹಾಗೆ ಮಸುಕಾಗುತ್ತದೆ. ಕೊನೆಗೆ, ಅದೇ ಬೆಲೆಯ, ಅದೇ ಕಾಲದ ಇನ್ನೊಂದು ನಾಣ್ಯ ತಂದು ಕಚ್ಚಿನೊಳಗೆ ಕೂರಿಸು. ಕಚ್ಚಿದ್ದೂ ಕತ್ತರಿಸಿದ್ದೂ ಯಂತ್ರದ ಒಂದೇ ಬಾಯಿ ಆಗಿದ್ದರೆ ಬಾಗೂ ಒಂದೇ ಅಳತೆ, ಸರಿಯಾಗಿ ಕೂರುತ್ತದೆ.

ಇನ್ನೊಂದು ಮಾತು. ಕಚ್ಚಿದ ನಾಣ್ಯ ಹುಟ್ಟುವುದು ದೊಡ್ಡದಲ್ಲ. ಅದನ್ನು ಹಿಡಿದು ಕರಗಿಸಲು ಕಳಿಸುವುದಕ್ಕೇ ನಾವು ಕೂತಿದ್ದೆವು. ಅದು ಗೇಟು ದಾಟಿದೆ ಅಂದರೆ ಆಯುವ ಮೇಜಿನಲ್ಲಿ ಯಾರದೋ ಕಣ್ಣು ತಪ್ಪಿದೆ. ಆ ವರ್ಷ ನಾವು ಆರು ಜನ. ನಾನು ಎರಡೆರಡು ಪಾಳಿ ಮಾಡುತ್ತಿದ್ದೆ, ಯಾಕೆ ಅಂತ ನಿನಗೆ ಗೊತ್ತು. ಎರಡನೇ ಪಾಳಿಯ ಕೊನೆಯ ಗಂಟೆಯಲ್ಲಿ ನಾಣ್ಯವೆಲ್ಲ ಒಂದೇ ಹಾಗೆ ಹೊಳೆಯುತ್ತವೆ.

ಅದು ನನ್ನ ಕೈಯನ್ನೇ ದಾಟಿ ಹೋಗಿರಬಹುದು. ನಾಚಿಕೆ ಏನಿಲ್ಲ. ಬೇಕಾದರೆ ಹಾಗೇ ಬರೆ. ಅವನ ಮೇಲೆ ಇರುವ ಮಾತಿಗಿಂತ ಅದು ಹಗುರ.

ಅಮ್ಮ

*

೨೮ ಫೆಬ್ರವರಿ

ಪುಟ್ಟೀ,

ತಿಂಗಳಾಯಿತು. ಅಂಚೆಯವನು ನನ್ನನ್ನು ಕಂಡರೆ ರಸ್ತೆ ದಾಟುತ್ತಾನೆ. ನಿನ್ನ ಚಿಕ್ಕಮ್ಮ, "ಕೆಲಸ ಹೋಗುತ್ತೆ ಅಂತ ಸುಮ್ಮನಾಗಿದ್ದಾಳೆ, ಬಿಡು" ಅಂತ ಚೀಟಿಯಲ್ಲಿ ಬರೆದು ತೋರಿಸಿದಳು. ನಾನು ಚೀಟಿ ಹರಿದೆ.

ಹರಿದದ್ದು ಸರಿಯೇ ಅಲ್ಲವೇ ಅಂತ ತಿಳಿಸು.

ಅಮ್ಮ

*

೧೦ ಮಾರ್ಚ್

ಅಮ್ಮಾ,

ಚಿಕ್ಕಮ್ಮ ಬರೆದದ್ದು ಪೂರ್ತಿ ಸುಳ್ಳಲ್ಲ. ಸುಮ್ಮನಿದ್ದೆ, ಕೆಲಸದ ಭಯವೂ ಇತ್ತು. ಆದರೂ ಚೀಟಿ ಹರಿದದ್ದು ಸರಿ. ಯಾಕೆಂದು ಹೇಳುತ್ತೇನೆ.

ನಿನ್ನ ಕಾಗದ ಬಂದ ಮೇಲೆ ನಾಣ್ಯವನ್ನು ಮೂರು ಬೇರೆ ಬೇರೆ ದಿನ ನೋಡಿದೆ. ಎದುರಿನ ಅಂಚಿನ ಪಕ್ಕದ ಅಕ್ಷರಗಳು ತಲೆಯೆತ್ತಿ ನಿಂತಿವೆ. ಕಚ್ಚಿನ ಬಳಿಯವು ಅದರ ಕಡೆಗೆ ಎಳೆದಂತೆ ಹರಿದಿವೆ. ಅರದ ಗೀರು ಎರಡು ತುದಿಗಳಲ್ಲಿ ಮಾತ್ರ. ನಡುವಿನ ಬಾಗು ಮುಟ್ಟದ ಲೋಹ. ಇಷ್ಟನ್ನು ಕಾರ್ಯದರ್ಶಿಗಳಿಗೆ ಹೇಳಿದೆ. ಅವರು ಜಮೀನು ಅಳೆಯುವ ಇಲಾಖೆಯಲ್ಲಿದ್ದು ನಿವೃತ್ತರಾದವರು, ಗೆರೆ ಆಚೀಚೆ ಆದರೆ ನಿದ್ದೆ ಬರದ ಮನುಷ್ಯ.

"ಅವರ ಕಾರ್ಡು ಮೆಲ್ಲಗೆ ವಾಪಸ್ ಕೊಟ್ಟುಬಿಡೋಣ" ಎಂದರು. "ವರದಿ ಹಿಂತಗೊಳ್ಳೋದು ಬೇಡ. ಪರೀಕ್ಷಕರೇ ತಪ್ಪಿದ್ರು ಅಂತಾದ್ರೆ ಇನ್ನು ಯಾರು ನಮ್ಮ ಮಾತು ನಂಬ್ತಾರೆ? ನಿಮ್ಮ ಕಾಯಂ ವಿಚಾರ ಬೇರೆ ಏಪ್ರಿಲ್‌ನಲ್ಲಿದೆ."

ಹೂಂ ಎಂದುಬಿಟ್ಟೆ ಅಮ್ಮ. ಎಂಟು ದಿನ ಆ ಹೂಂ ಜೊತೆಯಲ್ಲೇ ಓಡಾಡಿದೆ. ಅವರಿಗೆ ಕಾರ್ಡು ಸಿಗುತ್ತದೆ, ನನಗೆ ಕೆಲಸ ಸಿಗುತ್ತದೆ, ಫಲಕದ ಮೇಲೆ ಅಂದದ್ದು ಮಾತ್ರ ಊರ ಬಾಯಲ್ಲಿ ಹಾಗೇ ಇರುತ್ತದೆ. ಒಂಬತ್ತನೇ ದಿನ ಹೋಗಿ, ವಾರ್ಷಿಕ ಸಭೆಯಲ್ಲಿ ನನಗೆ ಹತ್ತು ನಿಮಿಷ ಬೇಕು ಎಂದೆ.

ಸಭೆ ಮೊನ್ನೆ ಭಾನುವಾರ. ನಲವತ್ತು ಕುರ್ಚಿ ಹಾಕಿದ್ದರು, ನಿಂತವರೂ ಇದ್ದರು. ಗಡಿಯಾರದವರು ಬಾಗಿಲ ಹತ್ತಿರ ಕಂಬಕ್ಕೆ ಒರಗಿದ್ದರು. ಸದಸ್ಯರಲ್ಲವಲ್ಲ, ಕುರ್ಚಿ ಕೊಟ್ಟಿರಲಿಲ್ಲ. ಫಲಕದಿಂದ ನನ್ನ ವರದಿಯನ್ನು ನಾನೇ ಕಿತ್ತು ತಂದೆ. "ಇದನ್ನು ಬರೆದವಳು ನಾನು. ಇದು ತಪ್ಪು" ಎಂದೆ.

ಗಡಿಯಾರದವರಿಂದ ಕೇಳಿ ಪಡೆದಿದ್ದ ನಾಣ್ಯವನ್ನು ಡಬ್ಬಿಯಿಂದ ತೆಗೆದಾಗ ಮುಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. "ಅಂಚಿನಲ್ಲಿ ಹಿಡಿಯಬಹುದು, ನಿಯಮದಲ್ಲೇ ಇದೆ. ಒಬ್ಬೊಬ್ಬರೇ ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿ. ಜಾರಿದ ಕಡೆ ನಿಲ್ಲಿಸಿ" ಎಂದು ಸುತ್ತು ಕಳಿಸಿದೆ. ನಲವತ್ತು ಜನ ದೊಡ್ಡವರು ಕಣ್ಣು ಮುಚ್ಚಿ ಕೂತದ್ದನ್ನು ನೀನು ನೋಡಬೇಕಿತ್ತು. ಒಬ್ಬೊಬ್ಬರ ಬೆರಳೂ ಅಲ್ಲೇ ನಿಂತಿತು. ನಾಣ್ಯ ಮೂರನೇ ಸಾಲು ಮುಟ್ಟುವ ಹೊತ್ತಿಗೆ ಕೋಣೆಯಲ್ಲಿ ಪಿಸುಮಾತು ಬದಲಾಗಿತ್ತು. ಆಮೇಲೆ ನಿನ್ನ ಬೆನ್ನಿಗೆ ಬೆನ್ನು ಕೊಟ್ಟವರ ಕಥೆ ಹೇಳಿದೆ.

ಕಾರ್ಯದರ್ಶಿಗಳು ಒಪ್ಪಲಿಲ್ಲ. "ಇದೆಲ್ಲ ಬೆರಳಿನ ಮಾತು. ಕಣ್ಣಿಗೆ ಕಾಣೋದು ಏನಾದ್ರೂ ಇದೆಯಾ?"

"ಇದೆ ಸಾರ್. ಅದೇ ಬೆಲೆಯ, ಅದೇ ಕಾಲದ ನಾಣ್ಯ ನಿಮ್ಮ ಸಂಗ್ರಹದಲ್ಲಿ ಇರಬೇಕಲ್ಲ. ಕೊಡಿ."

"ನನ್ನದೇ ಯಾಕೆ?"

"ನನ್ನದಾದರೆ ನಾನೇ ಅರ ಹಾಕಿ ತಂದಿದ್ದೀನಿ ಅಂತೀರಿ."

ಸಭೆ ನಕ್ಕಿತು. ಅವರು ಬೀರು ತೆಗೆದು ತಮ್ಮದನ್ನು ತಂದರು, ನನ್ನ ಕೈಗೆ ಕೊಡದೆ ತಾವೇ ಕಚ್ಚಿನೊಳಗೆ ಇಟ್ಟರು. ಕೂತಿತು. ಬೆಳಕಿಗೆ ಎತ್ತಿ ಹಿಡಿದರು. ಎರಡು ನಾಣ್ಯಗಳ ನಡುವೆ ಕೂದಲೆಳೆಯಷ್ಟು ಬೆಳಕು, ಉದ್ದಕ್ಕೂ ಒಂದೇ ಸಮ. ಬದುಕೆಲ್ಲ ಗಡಿ ಅಳೆದ ಮನುಷ್ಯ ಆ ಗೆರೆಯನ್ನು ತುಂಬ ಹೊತ್ತು ನೋಡಿದರು. ಆಮೇಲೆ ಎದ್ದು, ತಾವು ಕೂತಿದ್ದ ಕುರ್ಚಿಯನ್ನೇ ಎತ್ತಿಕೊಂಡು ಹೋಗಿ ಬಾಗಿಲ ಹತ್ತಿರ ಇಟ್ಟರು.

"ಕೂತ್ಕೊಳ್ಳಿ."

"ಎಷ್ಟು ಹೊತ್ತು?" ಎಂದರು ಸೆಕೆಂಡ್ ಮುಳ್ಳು.

"ಸಂಘ ಇರೋವರೆಗೂ."

ಚಪ್ಪಾಳೆ ಬಿತ್ತು ಅಮ್ಮ. ಕೆಳಗಿನ ಚಪ್ಪಲಿ ಅಂಗಡಿಯವನು ಏನಾಯಿತೋ ಎಂದು ಮೇಲೆ ಓಡಿಬಂದ. ನಾಣ್ಯವನ್ನು ಸಂಘದ ಗಾಜಿನ ಪೆಟ್ಟಿಗೆಗೆ ಕೊಡಿ ಎಂದು ಎಲ್ಲರೂ ಕೇಳಿದರು. "ನಾಳೆ ಮುಚ್ಚಳ ಯಾವುದರಿಂದ ತೆಗೀಲಿ, ಹಲ್ಲಿಂದಲಾ?" ಎಂದು ಅವರು ಅದನ್ನು ಜೇಬಿಗೆ ಹಾಕಿಕೊಂಡರು. ಪೆಟ್ಟಿಗೆಯಲ್ಲಿ ಈಗ ಅದರ ಫೋಟೋ ಇದೆ.

ಕಾರ್ಯದರ್ಶಿಗಳು ಕೊನೆಗೆ ಕೇಳಿದರು, "ಇದು ಯಾವ ಪುಸ್ತಕದಲ್ಲಿದೆ?"

"ಪುಸ್ತಕದಲ್ಲೂ ಒಂದು ಸಾಲಿದೆ ಸಾರ್, ಓದಿ ದಾಟಿದ್ದೆ. ಕಲಿಸಿದ್ದು ನನ್ನ ಅಮ್ಮ."

ನಿನ್ನ ಹೇಳಿಕೆಯನ್ನು ದಾಖಲೆಗೆ ಸೇರಿಸುತ್ತಾರಂತೆ. ಟೈಪು ಮಾಡಿಸಿ ಇದರ ಜೊತೆ ಇಟ್ಟಿದ್ದೇನೆ. ಸಹಿ ಹಾಕಿ ಕಳಿಸು. ನನ್ನ ಕೆಲಸದ ಮಾತು ಏಪ್ರಿಲ್‌ವರೆಗೂ ಕಾಯಬೇಕಿಲ್ಲವಂತೆ. "ತಪ್ಪು ಒಪ್ಪಿಕೊಳ್ಳೋ ಪರೀಕ್ಷಕರು ಎರಡನೇ ಸಲ ಸಿಗಲ್ಲ" ಎಂದು ಕಾರ್ಯದರ್ಶಿಗಳು ಗೊಣಗುತ್ತಲೇ ಕಾಯಂ ಕಾಗದಕ್ಕೆ ಸಹಿ ಮಾಡಿದರು.

ನಿನ್ನ ಮಗಳು

*

೧೮ ಮಾರ್ಚ್

ಪುಟ್ಟೀ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಐದನೇ ಸಲ ನಿನ್ನ ಚಿಕ್ಕಮ್ಮನಿಂದ ಓದಿಸಿದೆ, ಕೇಳಿಸದಿದ್ದರೂ ಅವಳ ಬಾಯಿ ಆಡುವುದನ್ನು ನೋಡಬೇಕಿತ್ತು. ಕುರ್ಚಿ ಎತ್ತಿಕೊಂಡು ಹೋದ ಕಡೆ ಅವಳು ನಿಲ್ಲಿಸಿ ಕಣ್ಣು ಒರೆಸಿಕೊಂಡಳು. ಆ ಚೀಟಿ ಹರಿದದ್ದಕ್ಕೆ ಈಗ ಅವಳೇ ನನಗೆ ಥ್ಯಾಂಕ್ಸ್ ಹೇಳಬೇಕು, ಹೇಳಲಿಲ್ಲ. ನಮ್ಮ ಮೇಜಿನ ಆರು ಜನರಲ್ಲಿ ಇನ್ನಿಬ್ಬರು ಇದ್ದಾರೆ. ಅವರಿಗೂ ಬರೆದಿದ್ದೇನೆ. ನಮ್ಮ ಕಣ್ಣು ತಪ್ಪಿದ ಒಂದು ನಾಣ್ಯ ಒಬ್ಬನ ಸಂಸಾರ ಸಾಕಿದೆ ಅಂತ.

ನೀನು ಕಳಿಸಿದ ಹೇಳಿಕೆಯನ್ನೂ ಓದಿದೆ. ಎಲ್ಲ ಸರಿಯಿದೆ. ನನ್ನ ಹೆಸರಿನ ಕೆಳಗೆ "ನಿವೃತ್ತ ತಪಾಸಣಾಧಿಕಾರಿ" ಅಂತ ಹಾಕಿದ್ದೀಯ. ಅದು ಯಾರು?

ಆರನೇ ಕ್ಲಾಸಿನ ಫಾರಂನಲ್ಲಿ ತಾಯಿಯ ಉದ್ಯೋಗ ಅನ್ನುವ ಕಡೆ ನೀನು ಇಂಗ್ಲಿಷಿನಲ್ಲಿ ಕ್ಲರ್ಕ್ ಅಂತ ಬರೆದಿದ್ದೆ. ನನಗೆ ಅದನ್ನು ಓದಲು ಬರುವುದಿಲ್ಲ ಅಂತ ನೀನು ಅಂದುಕೊಂಡಿದ್ದೆ. ಇಂಗ್ಲಿಷ್ ಅಕ್ಷರ ನಾಣ್ಯದ ಮೇಲೂ ಇರುತ್ತದೆ ಪುಟ್ಟೀ. ಆಗ ನೀನು ಮಗು, ಸುಮ್ಮನೆ ಸಹಿ ಹಾಕಿದೆ.

ಈ ಸಲ ಹಾಕುವುದಿಲ್ಲ. ತಿದ್ದಿ ಕಳಿಸು.

ಅಮ್ಮ

*

೨೫ ಮಾರ್ಚ್

ಅಮ್ಮಾ,

ತಿದ್ದಿದ್ದೇನೆ. ಹೊಸ ಪ್ರತಿ ಇದರ ಜೊತೆಗಿದೆ.

ಫಾರಂ ತುಂಬಿದ್ದು ನನಗೆ ನೆನಪಿದೆ. ಪೆನ್ನಿನ ಬಣ್ಣವೂ ನೆನಪಿದೆ. ನಿನಗೆ ಗೊತ್ತಿರಲಿಲ್ಲವೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅದೂ ನನಗೆ ಅನುಕೂಲವಾದ ಸಾಲು. ಈ ಸಲ ಬರೆಯುವಾಗ ನಿನಗೆ ಗೌರವ ಕೊಡುತ್ತಿದ್ದೇನೆ ಎಂದುಕೊಂಡಿದ್ದೆ. ನೀನು ಹೇಳಿದ ಮೇಲೆ ಕ್ಲರ್ಕ್, ತಪಾಸಣಾಧಿಕಾರಿ, ಎರಡೂ ಪದಗಳನ್ನು ಒಂದರ ಪಕ್ಕ ಒಂದು ಬರೆದು ನೋಡಿದೆ. ಒಂದೇ ಅಚ್ಚು.

ಟೈಪು ಮಾಡುವವಳು, "ಬರೀ ಇಷ್ಟೇನಾ ಮೇಡಂ, ದೊಡ್ಡದಾಗಿ ಏನೂ ಬೇಡ್ವಾ?" ಎಂದು ಕೇಳಿದಳು. ಇಷ್ಟೇ ಎಂದೆ. ನಿನ್ನ ಹೆಸರಿನ ಕೆಳಗೆ ಈಗ "ನಾಣ್ಯ ಆಯುವ ಕೆಲಸ, ಮಿಂಟ್, ಮೂವತ್ತೊಂದು ವರ್ಷ" ಎಂದಿದೆ. ಗಾಜಿನ ಪೆಟ್ಟಿಗೆಯಲ್ಲಿ ಫೋಟೋದ ಪಕ್ಕದ ಚೀಟಿಯಲ್ಲೂ ಅದನ್ನೇ ಹಾಕಿಸಿದ್ದೇನೆ. ಗಡಿಯಾರದವರು ಬಂದು ಓದಿ, ಚೀಟಿ ಒಂದು ಕೂದಲೆಳೆಯಷ್ಟು ವಾಲಿದೆ ಎಂದು ನೆಟ್ಟಗೆ ಮಾಡಿ ಹೋದರು.

ಸಹಿ ಹಾಕಿ ಬೇಗ ಕಳಿಸು. ಎಲ್ಲರೂ ಕಾಯುತ್ತಿದ್ದಾರೆ.

ನಾಣ್ಯ ಆಯುವವಳ ಮಗಳು